ಹಿತ್ತಲ ಜಂತಿ, ನಮ್ಮ ಬೆಂಚು

ಹುನಗುಂದದ ನಮ್ಮ ಮನೆಯ ಹಿತ್ತಲಲ್ಲಿ ಸುಮಾರು ಇಪ್ಪತ್ತೈದು ವರ್ಷಗಳಿಂದ ಒಂದು ಕಟ್ಟಿಗೆ ರಾಶಿ ಬಿದ್ದಿತ್ತು. ಅದರ ಮೇಲೊಂದು ತಗಡು, ತಗಡಿನ ಮೇಲೆ ಹಾರದಂತೆ ನಾಲ್ಕು ಕಲ್ಲು. ಬೇಸಿಗೆಯಲ್ಲಿ ಅದರ ನೆರಳಿಗೆ ಬೆಕ್ಕು ಮರಿ ಹಾಕುತ್ತಿತ್ತು, ಮಳೆಗಾಲದಲ್ಲಿ ಚೇಳು ಬರುತ್ತವೆಂದು ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಮನೆ ಎರಡು ಪಾಲಾಯಿತು. ಹಿತ್ತಲ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಕಟ್ಟಿಗೆ ರಾಶಿ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಗೋಡೆ ಕಟ್ಟಿದ ಗೌಂಡಿ ಅದರ ಹತ್ತಿರ ಬಂದು, ಏನು ಮಾಡಬೇಕೆಂದು ತಿಳಿಯದೆ, ಗೋಡೆಯನ್ನು ಅಲ್ಲಿಗೇ ನಿಲ್ಲಿಸಿ ರಾಶಿಯ ಆಚೆಯಿಂದ ಮತ್ತೆ ಶುರು ಮಾಡಿದ. ಹೀಗಾಗಿ ಅರ್ಧ ರಾಶಿ ಆ ಕಡೆ, ಅರ್ಧ ಈ ಕಡೆ.

ನಾವು ಇಬ್ಬರು ಅಣ್ಣತಮ್ಮಂದಿರು. ಹಿರಿಯ ಶಾಲಾ ಮಾಸ್ತರ, ಕಿರಿಯ ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವ. ಪಾಲಾದ ಮೇಲೆ ಮೂರು ವರ್ಷ ನಮ್ಮ ನಡುವೆ ಮಾತು ಎಂದರೆ ಈದ್‌ನ ದಿನದ ಸಲಾಮ್ ಮತ್ತು ಅಮ್ಮನ ಗುಳಿಗೆಯ ವಿಚಾರ ಮಾತ್ರ. ಅಮ್ಮ ಹದಿನೈದು ದಿನ ಆ ಮನೆಯಲ್ಲಿ, ಹದಿನೈದು ದಿನ ಈ ಮನೆಯಲ್ಲಿ. ಯಾರು ಮೊದಲು ಮುನಿಸಿಕೊಂಡರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಬಗ್ಗೆ ನಮ್ಮಿಬ್ಬರಿಗೆ ಈಗಲೂ ಬೇರೆ ಬೇರೆ ನೆನಪುಗಳಿವೆ. ಕಟ್ಟಿಗೆಯ ವಿಷಯ ಬಂದಾಗಲಂತೂ ಹಿರಿಯ, 'ಇಟ್ಟಿಗೆ ಭಟ್ಟಿಗೆ ಮಾರಿಬಿಡೋಣ' ಎಂದರೆ ಕಿರಿಯ 'ಇರಲಿ' ಎನ್ನುವುದು, ಕಿರಿಯ 'ಮಾರೋಣ' ಎಂದರೆ ಹಿರಿಯ 'ಇರಲಿ' ಎನ್ನುವುದು ರೂಢಿಯಾಗಿತ್ತು.

ಬೆಂಚಿನ ಕತೆ ಶುರುವಾದದ್ದು ಅಮ್ಮನ ಮಂಚದಿಂದ. ಒಂದು ರಾತ್ರಿ ಅದರ ಒಂದು ಕಾಲಿನ ಸಂದು ಬಿಚ್ಚಿ ಮಂಚ ವಾಲಿತು. ಅಮ್ಮನಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಬಡಿಗೇರ ಕಾಕಾನನ್ನು ಕರೆಯಲು ಹೋದರೆ ಮನೆಯಲ್ಲಿ ಇರಲಿಲ್ಲ, ಇಳಕಲ್ಲಿನಲ್ಲಿ ಯಾರದೋ ಹೊಸ ಮನೆಯ ಬಾಗಿಲ ಕೆಲಸಕ್ಕೆ ಮಗನ ಜೊತೆ ಹೋಗಿದ್ದರು. ಇಷ್ಟು ಸಣ್ಣ ಕೆಲಸ ನಾವೇ ಮಾಡಬಹುದಲ್ಲ ಎಂದು ಮುರಿದ ಕಾಲನ್ನು ಕಟ್ಟೆಯ ಮೇಲಿಟ್ಟು, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಗರಗಸ ಎಳೆದೆವು. ಕಟ್ಟಿಗೆ ಜಾರಿತು, ಹೆಬ್ಬೆರಳಿಗೆ ಗಾಯವಾಯಿತು. ಆಗ ತಿಳಿದದ್ದು ಇಷ್ಟು: ಬಡಿಗತನದಲ್ಲಿ ಕೊಯ್ಯುವುದು ಎರಡನೆಯ ಕೆಲಸ, ಅಲುಗದಂತೆ ಹಿಡಿಯುವುದು ಮೊದಲನೆಯ ಕೆಲಸ.

ಸಂಜೆ ಕಾಕಾ ಬಂದರು. ಅಂಗಳದಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತು, ಮಂಚದ ಕಾಲನ್ನು ತಮ್ಮ ಎರಡೂ ಪಾದಗಳ ನಡುವೆ ಸಿಕ್ಕಿಸಿ, ಉಳಿಯಿಂದ ನಾಲ್ಕು ಏಟು ಹಾಕಿ, ಒಂದು ಬೆಣೆ ಬಡಿದು ಹತ್ತು ನಿಮಿಷದಲ್ಲಿ ಮುಗಿಸಿದರು. ನಮ್ಮ ಹೆಬ್ಬೆರಳ ಪಟ್ಟಿ ನೋಡಿ ನಕ್ಕರು.

'ಮಾಸ್ತರ, ನಮ್ಮ ಕಾಲೇ ನಮಗ ಬೆಂಚು. ಕಾಲಾಗ ಹಿಡಿಯಾಕ ಬರಲಾರದವರಿಗೆ ಕಟ್ಟಿಗಿ ಬೆಂಚು ಬೇಕಾಗತೈತ್ರಿ.'

ಆ ಮಾತು ನಮ್ಮಲ್ಲಿ ಉಳಿಯಿತು. ಕಾಕಾ ಹೇಳಿದ್ದು ಬರೀ ತಮಾಷೆಯಲ್ಲ. ನಮ್ಮ ನಾಡಿನ ಬಡಿಗರು ತಲೆತಲಾಂತರದಿಂದ ನೆಲದ ಮೇಲೆ ಕುಳಿತೇ ಕೆಲಸ ಮಾಡಿದವರು. ರೆಂಟೆ, ಕುಂಟೆ, ಕೂರಿಗೆ, ಜಾಲಿ ಕಟ್ಟಿಗೆಯ ಗಾಡಿಯ ಗಾಲಿ, ಎಲ್ಲವೂ ಹಾಗೆಯೇ ಆದವು. ಜಪಾನಿನ ಬಡಿಗರೂ ಬಹಳಮಟ್ಟಿಗೆ ನೆಲದ ಮೇಲೆ, ತಗ್ಗಾದ ದಿಮ್ಮಿಗಳ ಮೇಲೆ ಕೆಲಸ ಮಾಡಿದವರೇ. ಎತ್ತರದ ಬೆಂಚಿಗೆ ನಿಂತು ಕೆಲಸ ಮಾಡುವುದು ಯುರೋಪಿನಲ್ಲಿ ಬೆಳೆದ ಪದ್ಧತಿ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಆಂದ್ರೆ ಜಾಕೋಬ್ ರೂಬೋ ಎಂಬ ಬಡಗಿ ತನ್ನ ಕಸುಬಿನ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಅದರಲ್ಲಿ ಅವನು ಚಿತ್ರ ಸಮೇತ ತೋರಿಸಿದ ದಪ್ಪ ಹಲಗೆಯ ಬೆಂಚನ್ನು ಇಂದಿಗೂ ಜನ ಹಾಗೆಯೇ ಮಾಡಿಕೊಳ್ಳುತ್ತಾರೆ. ಎರಡು ಪದ್ಧತಿಗಳಲ್ಲಿ ಒಂದು ಮೇಲು ಇನ್ನೊಂದು ಕೀಳು ಎಂದೇನಿಲ್ಲ. ಚಿಕ್ಕಂದಿನಿಂದ ಪಾದವನ್ನು ಪಳಗಿಸದ ನಮ್ಮಂಥವರಿಗೆ ನಿಂತು ಕೆಲಸ ಮಾಡುವ ಬೆಂಚು ಊರುಗೋಲು, ಅಷ್ಟೇ.

ಹೊಸ ಕಟ್ಟಿಗೆಯ ದರ ಕೇಳಿದೆವು. ಸಾಗವಾನಿಯ ಮಾತೇ ಬೇಡ. ಬೇರೆ ಜಾತಿಯ ಕಟ್ಟಿಗೆ ತಂದರೂ ನಮ್ಮಂಥ ಕಲಿಯುವವರು ಕೆಡಿಸಲೆಂದು ಕೊಡುವಷ್ಟು ದುಡ್ಡಲ್ಲ ಅದು. ಆಗ ಕಾಕಾ ಹಿತ್ತಲ ಕಡೆ ಕೈ ಮಾಡಿ, 'ಅಷ್ಟು ಬೇವಿನ ಜಂತಿ ಇಟಗೊಂಡು ಅಂಗಡಿಗೆ ಯಾಕ ಹೊಂಟೀರಿ?' ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ರಾಶಿ ಇಬ್ಬರದೂ ಅಲ್ಲ, ಆದ್ದರಿಂದ ಇಬ್ಬರೂ ಒಪ್ಪದೆ ಅದರ ಒಂದು ತುಂಡನ್ನೂ ಕೊಯ್ಯುವಂತಿರಲಿಲ್ಲ.

'ನನ್ನನ್ನ ಕೇಳ್ರಿ,' ಎಂದರು ಅಮ್ಮ ಒಳಗಿನಿಂದ.

ಆ ಕಟ್ಟಿಗೆ ಅಮ್ಮನ ತವರಿನದು. ಅಮ್ಮ ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ, ಘಟಪ್ರಭೆಗೆ ಹತ್ತಿರದ ಒಂದು ಓಣಿಯಲ್ಲಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಘಟಪ್ರಭೆಯಲ್ಲೂ ಹಿಂದಕ್ಕೆ ಏರಿತು. ಬಾಗಲಕೋಟೆಯ ಎಷ್ಟೋ ಓಣಿಗಳು, ದಂಡೆಯ ಎಷ್ಟೋ ಹಳ್ಳಿಗಳು ಮುಳುಗಡೆಗೆ ಬಂದವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಆ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಈ ನಡುವೆ ನವನಗರ ಎದ್ದಿತು, ಜನ ಅಲ್ಲಿಗೆ ಹೋದರು. ನೀರು ಬರುವ ಮುಂಚೆ ನಮ್ಮ ಮಾಮಾಗಳು ಮನೆ ಬಿಚ್ಚಿದರು. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಅದರ ರಚನೆ ಗೊತ್ತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಚಿಲಿಕೆ, ಅದರ ಮೇಲೆ ಮಣ್ಣು. ಮಣ್ಣು ಕೆಡವಿದರೆ ಉಳಿಯುವುದು ಕಟ್ಟಿಗೆ.

ಪರಿಹಾರದ ಹಣ ಬಂತು, ನಿವೇಶನ ಬಂತು. ಅವು ಗಂಡುಮಕ್ಕಳ ನಡುವೆ ಹಂಚಿಹೋದವು. ಹೆಣ್ಣುಮಗಳಿಗೂ ತಂದೆಯ ಆಸ್ತಿಯಲ್ಲಿ ಪಾಲಿದೆ ಎಂಬುದು ಶರೀಅತ್ತಿನಲ್ಲಿ ಸ್ಪಷ್ಟವಾಗಿದೆ, ನಮ್ಮಲ್ಲಿ ಯಾರಿಗೂ ಅದು ಗೊತ್ತಿಲ್ಲದ ಸಂಗತಿಯಲ್ಲ. ಶುಕ್ರವಾರದ ಬಯಾನಿನಲ್ಲಿ ಕೇಳಿ ತಲೆದೂಗುತ್ತೇವೆ, ಹಂಚುವ ದಿನ ಮಾತ್ರ ಮರೆತುಬಿಡುತ್ತೇವೆ. ಅಮ್ಮ ಜಗಳ ಮಾಡಲಿಲ್ಲ. 'ಮನೆಯ ಕಟ್ಟಿಗೆ ಸ್ವಲ್ಪ ಕೊಡ್ರಿ' ಎಂದಷ್ಟೇ ಕೇಳಿದರಂತೆ. ಒಂದು ಟ್ರಾಕ್ಟರಿನಲ್ಲಿ ಹನ್ನೊಂದು ಜಂತಿ, ಒಂದು ಬಾಗಿಲು ಅದರ ಚೌಕಟ್ಟಿನ ಸಮೇತ, ಒಂದು ಜಾಲಿ ಹೊಸ್ತಿಲು ಬಂದವು. ತವರಿನಿಂದ ಅಮ್ಮನಿಗೆ ಬಂದ ಪಾಲು ಅಷ್ಟೇ.

ನಾಚಿಕೆಯ ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂರು ವರ್ಷ ನಾವು ಆ ರಾಶಿ 'ನಿನ್ನದೋ ನನ್ನದೋ' ಎಂದು ಗುದ್ದಾಡಿದೆವು. ಅದು ಅಮ್ಮನದು ಎಂದು ಇಬ್ಬರಿಗೂ ಹೊಳೆಯಲೇ ಇಲ್ಲ. ಮಾಮಾಗಳು ಒಮ್ಮೆ ಮರೆತದ್ದನ್ನು ನಾವು ಎರಡನೆಯ ಸಲ ಮರೆತಿದ್ದೆವು.

ಅಮ್ಮ ಒಪ್ಪಿದರು. ಎರಡು ಷರತ್ತು ಹಾಕಿದರು. ಬಾಗಿಲಿಗೂ ಚೌಕಟ್ಟಿಗೂ ಗರಗಸ ಮುಟ್ಟಿಸಬಾರದು. ಕೊಯ್ಯುವಾಗ ಇಬ್ಬರೂ ಇರಬೇಕು.

ರಾಶಿ ಬಿಚ್ಚಿದೆವು. ಹನ್ನೊಂದರಲ್ಲಿ ನಾಲ್ಕು ಜಂತಿಯನ್ನು ಒರಲಿ ತಿಂದಿತ್ತು. ಬೇವಿಗೆ ಒರಲಿ ಹತ್ತುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಾಕಾ ಹೇಳುವ ಪ್ರಕಾರ ಅದು ಪೂರ್ತಿ ನಿಜವಲ್ಲ. ಮರದ ನಡುವಿನ ಕೆಂಪು ಭಾಗ ತಡೆಯುತ್ತದೆ, ಹೊರಗಿನ ಬಿಳಿ ಭಾಗ ನೆಲಕ್ಕೆ ತಾಗಿ ತೇವ ಹಿಡಿದರೆ ತಡೆಯುವುದಿಲ್ಲ. ಉಳಿದ ಏಳು ಜಂತಿ ಗಟ್ಟಿ ಇದ್ದವು. ಒಂದೊಂದೂ ಎಂಟೂವರೆ ಫೂಟು ಉದ್ದ, ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪ. ಅವುಗಳಲ್ಲಿ ಎರಡು ಜಂತಿಯ ಒಂದು ಮಗ್ಗುಲು ಹೊಗೆಗೆ ಕರ್ರಗಾಗಿತ್ತು. ಅಮ್ಮ ಅದರ ಮೇಲೆ ಕೈಯಾಡಿಸಿ, 'ಇದು ಅಡಿಗಿ ಮನೀದು' ಎಂದರು.

ಲೆಕ್ಕಪತ್ರದ ಕಿರಿಯ ಕಾಗದ ಹಿಡಿದು ಕುಳಿತ. ಬೆಂಚು ಐದು ಫೂಟು ಉದ್ದ ಸಾಕು. ಐದು ಜಂತಿಯಿಂದ ಐದೈದು ಫೂಟು ಕೊಯ್ದು ಒತ್ತೊತ್ತಾಗಿ ಇಟ್ಟರೆ ಮೇಲ್ಮೈ ಆಗುತ್ತದೆ. ಕೀಸಿದ ಮೇಲೆ ಸುಮಾರು ಹದಿನೆಂಟು ಇಂಚು ಅಗಲ, ಎರಡೂಮುಕ್ಕಾಲು ಇಂಚು ದಪ್ಪ. ಉಳಿದ ಮೂರೂವರೆ ಫೂಟಿನ ಐದು ತುಂಡುಗಳಲ್ಲಿ ನಾಲ್ಕು ಕಾಲು. ಆರನೆಯ ಜಂತಿಯಿಂದ ಎರಡು ಜೊತೆ ಕಾಲುಗಳನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿ. ಏಳನೆಯದರಿಂದ ಉದ್ದಕ್ಕೆ ಹಿಂದೊಂದು, ಮುಂದೊಂದು ಪಟ್ಟಿ. ಕಟ್ಟಿಗೆಗೆ ಖರ್ಚು ಸೊನ್ನೆ. ಕೊಳ್ಳಬೇಕಾದದ್ದು ಒಂದು ಒಳ್ಳೆಯ ಗರಗಸ, ಒಂದು ಇಂಚಿನ ಉಳಿ, ನಟ್ಟು-ಬೋಲ್ಟು, ದಪ್ಪ ಸ್ಕ್ರೂ, ಫೆವಿಕಾಲ್. ತೋಪಡ, ಮೂಲೆಮಟ್ಟ, ಕೊಡತಿ ಕಾಕಾ ಕೊಟ್ಟರು. ಡ್ರಿಲ್ ಮಷಿನ್ ಗೆಳೆಯನಿಂದ ತಂದೆವು. ಕೊನೆಗೆ ಲೆಕ್ಕ ಕೂಡಿದಾಗ ಎರಡು ಸಾವಿರದ ಒಂಬೈನೂರು ರೂಪಾಯಿ ಆಗಿತ್ತು. ಅದರಲ್ಲಿ ಅರ್ಧದಷ್ಟು ಹಣದ ಸಾಮಾನು ಮುಂದೆಯೂ ಉಪಯೋಗಕ್ಕೆ ಬರುವ ಸಲಕರಣೆ.

ಮೊದಲ ಜಗಳ ಎತ್ತರದ ಬಗ್ಗೆ. ಬೆಂಚಿನ ಎತ್ತರಕ್ಕೆ ಒಂದು ಸುಲಭ ಲೆಕ್ಕವಿದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟಿನ ಎಲುಬು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಸುಮಾರು ಅಷ್ಟು. ತೋಪಡ ಹಿಡಿದು ಕೀಸುವ ಕೆಲಸವೇ ಹೆಚ್ಚಾದರೆ ಸ್ವಲ್ಪ ತಗ್ಗು ಇರಬೇಕು, ಮೈಯ ಭಾರ ಮೇಲಿನಿಂದ ಬೀಳುತ್ತದೆ. ಸಣ್ಣ ನಯದ ಕೆಲಸವೇ ಹೆಚ್ಚಾದರೆ ಸ್ವಲ್ಪ ಎತ್ತರ ಇರಬೇಕು, ಬೆನ್ನು ಬಾಗುವುದು ತಪ್ಪುತ್ತದೆ. ಹಿರಿಯನಿಗೆ ಮೂವತ್ತೆರಡು ಇಂಚು ಬಂತು. ಕಿರಿಯ ಉದ್ದಾಳು, ಮೂವತ್ತೈದು ಬಂತು. ಒಂದು ಇಡೀ ಸಂಜೆ ಅದರಲ್ಲೇ ಹೋಯಿತು. ಕೊನೆಗೆ ಮೂವತ್ತಮೂರೂವರೆ ಎಂದು ಒಪ್ಪಿದೆವು. ಮೇಲಿನ ದಪ್ಪ ಕಳೆದರೆ ಕಾಲಿಗೆ ಮೂವತ್ತೂಮುಕ್ಕಾಲು ಇಂಚು.

ಕೊಯ್ಯಲು ನಿಂತಾಗ ಅಮ್ಮನ ಎರಡನೆಯ ಷರತ್ತಿನ ಅರ್ಥ ತಿಳಿಯಿತು. ಬೆಂಚು ಇಲ್ಲದೆ ಬೆಂಚು ಮಾಡುವುದೆಂದರೆ ಈಜು ಬಾರದೆ ಬಾವಿಗಿಳಿದಂತೆ. ಎರಡು ಕಬ್ಬಿಣದ ಕುರ್ಚಿಯ ಮೇಲೆ ಜಂತಿ ಇಟ್ಟು ಒಬ್ಬ ಒತ್ತಿ ಕೂರಬೇಕು, ಒಬ್ಬ ಕೊಯ್ಯಬೇಕು. ಕೊಯ್ಯುವವನಿಗೆ ಗೆರೆ ಒಂದೇ ಮಗ್ಗುಲಿನಿಂದ ಕಾಣುತ್ತದೆ, ಆಚೆ ಮಗ್ಗುಲಿನಲ್ಲಿ ಗರಗಸ ಎಲ್ಲಿ ಹೋಗುತ್ತಿದೆ ಎಂದು ಹಿಡಿದು ಕುಳಿತವನೇ ಹೇಳಬೇಕು. 'ಎಡಕ್ಕೆ', 'ಸಾಕು', 'ನೆಟ್ಟಗೆ'. ಮೂರು ವರ್ಷ ಮಾತಿಲ್ಲದವರು ಹೀಗೆ ಒಂದೊಂದು ಶಬ್ದದಿಂದ ಶುರು ಮಾಡಿದೆವು. ಕೆಲಸದ ಮಾತಿಗೆ ಹಳೆಯ ಮುನಿಸು ಅಡ್ಡ ಬರಲಿಲ್ಲ.

ತಪ್ಪುಗಳಾದವು. ಎಲ್ಲವನ್ನೂ ಬರೆಯುವುದಿಲ್ಲ, ಕಲಿಯುವವರಿಗೆ ಉಪಯೋಗವಾಗುವ ಮೂರನ್ನು ಬರೆಯುತ್ತೇವೆ.

ಮೊದಲನೆಯದು ಮೊಳೆ. ಹಳೆಯ ಮನೆಯ ಕಟ್ಟಿಗೆಯಲ್ಲಿ ತೊಟ್ಟಿಲು ತೂಗಲು, ಕಂದೀಲು ನೇತುಹಾಕಲು ಯಾರೋ ಯಾವಾಗಲೋ ಬಡಿದ ಮೊಳೆಗಳು ಇದ್ದೇ ಇರುತ್ತವೆ. ತಲೆ ಮುರಿದು ಒಳಗೇ ಉಳಿದಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹೊಸ ಗರಗಸದ ಮೂರು ಹಲ್ಲು ಮೊದಲ ದಿನವೇ ಹೋದವು. ಆಮೇಲೆ ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಜಂತಿಯ ಉದ್ದಕ್ಕೂ ಆಡಿಸಿದೆವು. ಅದು ಎಲ್ಲಿ ಅಂಟುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಒಂಬತ್ತು ಮೊಳೆ ಸಿಕ್ಕವು.

ಎರಡನೆಯದು ಟೇಪು. ನಮ್ಮ ಮನೆಯ ಟೇಪಿನ ತುದಿಯ ಮೊದಲ ಇಂಚು ಎಂದೋ ಹರಿದುಹೋಗಿತ್ತು. ಹಿರಿಯನಿಗೆ ಅದು ಗೊತ್ತಿತ್ತು, ಒಂದು ಇಂಚು ಕೂಡಿಸಿ ಗುರುತು ಹಾಕುತ್ತಿದ್ದ. ಕಿರಿಯನಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಕಾಲಿಗೆ ಗುರುತು ಹಾಕಿದವ ಕಿರಿಯ. ಕಾಲು ಒಂದು ಇಂಚು ಗಿಡ್ಡವಾಯಿತು. 'ಹೇಳಬಾರದಿತ್ತಾ?' 'ನೋಡಬಾರದಿತ್ತಾ?' ಎಂದು ಮತ್ತೆ ಹಳೆಯ ದನಿ ಎದ್ದಿತು. ಐದನೆಯ ತುಂಡು ಇತ್ತಲ್ಲ ಎಂದು ನೋಡಿದರೆ ಅದರ ನಡುವೆ ಬಿರುಕು. ಕಾಕಾ ಬಂದು, 'ಒಂದು ಗಿಡ್ಡಾದ್ರ ಉಳಿದ ಮೂರನ್ನೂ ಗಿಡ್ಡ ಮಾಡ್ರಿ, ನಾಲ್ಕೂ ಸಮ ಆದರ ಬೆಂಚು ಕೇಳಂಗಿಲ್ಲ' ಎಂದರು. ಎಲ್ಲ ಕಾಲನ್ನೂ ಇಂಚು ಇಳಿಸಿದೆವು. ಬೆಂಚಿನ ಎತ್ತರ ಮೂವತ್ತೆರಡೂವರೆ ಆಯಿತು. ಹಿರಿಯನಿಗೆ ಬೇಕಾದಷ್ಟೇ ಬಂದಿತ್ತು, ಆದರೆ ಅವನು ಆ ದಿನ ಏನೂ ಅನ್ನಲಿಲ್ಲ. ಮರುದಿನ ಹೊಸ ಟೇಪು ತಂದ.

ಮೂರನೆಯದು ಮೂಲೆ. ಎರಡು ಕಾಲು, ಎರಡು ಅಡ್ಡಪಟ್ಟಿ ಸೇರಿ ಒಂದು ಚೌಕಟ್ಟು. ಸಂದಿಗೆ ಎರಡೂ ಕಟ್ಟಿಗೆಯ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂಡಿಸುವ ಕಚ್ಚು. ತೂತು ತೆಗೆದು ನಾಲಿಗೆ ಕೂಡಿಸುವುದಕ್ಕಿಂತ ಇದು ಕಲಿಯುವವರಿಗೆ ಸುಲಭ. ಗರಗಸದಿಂದ ಅರ್ಧ ಇಂಚಿಗೊಂದರಂತೆ ಗೆರೆ ಕೊಯ್ದು ನಡುವಿನದನ್ನು ಉಳಿಯಿಂದ ಎಬ್ಬಿಸಿದರೆ ಆಯಿತು. ಮೊದಲ ಚೌಕಟ್ಟು ನೋಡಲು ನೆಟ್ಟಗಿತ್ತು, ನಿಲ್ಲಿಸಿದರೆ ವಾಲುತ್ತಿತ್ತು. ಕಾಕಾ ಒಂದು ದಾರ ತೆಗೆದು ಈ ಮೂಲೆಯಿಂದ ಆ ಮೂಲೆಗೆ ಹಿಡಿದರು, ಮತ್ತೆ ಉಳಿದೆರಡು ಮೂಲೆಗೆ ಹಿಡಿದರು. ಅರ್ಧ ಇಂಚು ವ್ಯತ್ಯಾಸ. ಎದುರು ಬದಿಗಳು ಸಮವಿದ್ದು ಎರಡು ಕರ್ಣಗಳೂ ಸಮವಾದರೆ ಮಾತ್ರ ಮೂಲೆಗಳು ನೇರ. ಹಿರಿಯ ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಇದನ್ನೇ ಹಲಗೆಯ ಮೇಲೆ ಬರೆದು ಕಲಿಸುತ್ತಿದ್ದಾನೆ. ದಾರ ಹಿಡಿದು ನೋಡಿದ್ದು ಅಂದೇ. ಅಂಟು ಒಣಗುವ ಮುಂಚೆ ಉದ್ದದ ಕರ್ಣದ ಕಡೆ ಒತ್ತಿ ಸಮ ಮಾಡಿ, ಪ್ರತಿ ಕಚ್ಚಿಗೂ ಎರಡೆರಡು ಸ್ಕ್ರೂ ಹಾಕಿದೆವು.

ಮೇಲಿನ ಐದು ಜಂತಿಗಳನ್ನು ಒಂದಕ್ಕೊಂದು ಅಂಟಿಸಲಿಲ್ಲ. ಕೆಳಗಿನ ಅಡ್ಡಪಟ್ಟಿಯ ಮೂಲಕ ದಪ್ಪ ಸ್ಕ್ರೂ ಬಿಗಿದೆವು, ಅಡ್ಡಪಟ್ಟಿಯ ತೂತನ್ನು ಸ್ಕ್ರೂವಿಗಿಂತ ತುಸು ದೊಡ್ಡದು ಮಾಡಿದೆವು. ಕಟ್ಟಿಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ನಮ್ಮ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಅಲುಗಾಡಲು ಇಷ್ಟು ಜಾಗ ಬಿಡದಿದ್ದರೆ ಸೀಳುತ್ತದೆ. ಮನುಷ್ಯರ ವಿಷಯದಲ್ಲೂ ಹಾಗೆಯೇ ಎಂದು ಇಲ್ಲಿ ಉಪದೇಶ ಮಾಡಬಹುದಿತ್ತು, ಆದರೆ ಅದನ್ನು ನಾವು ತಡವಾಗಿ ಕಲಿತವರು.

ಬೋಲ್ಟು ಬಿಗಿದು ಬೆಂಚು ನಿಲ್ಲಿಸಿದಾಗ ಒಂದು ಕೊರತೆ ಎದ್ದುಬಂತು. ಏಳನೆಯ ಜಂತಿಯ ಅರ್ಧ ಹೊರಗೆ ಗಟ್ಟಿ ಕಂಡರೂ ಒಳಗೆ ಒರಲಿ ಹೊಕ್ಕಿತ್ತು. ಹಿಂದಿನ ಉದ್ದಪಟ್ಟಿ ಆಯಿತು, ಮುಂದಿನದಕ್ಕೆ ಕಟ್ಟಿಗೆ ಇಲ್ಲ. ತೋಪಡ ತಳ್ಳಿದರೆ ಬೆಂಚು ಉದ್ದಕ್ಕೆ ತೂಗಾಡುತ್ತಿತ್ತು. ಬಾಗಿಲ ಚೌಕಟ್ಟಿನ ಒಂದು ಮಗ್ಗುಲು ಅಳತೆಗೆ ಸರಿಯಾಗಿತ್ತು. ನಾವಿಬ್ಬರೂ ಅದರ ಕಡೆ ನೋಡಿದೆವು, ಅಮ್ಮನ ಮುಖ ನೋಡಿ ಕಣ್ಣು ತೆಗೆದೆವು. ಹೊಸ ಕಟ್ಟಿಗೆ ತರೋಣ ಎಂದು ಮಾತಾಡಿಕೊಳ್ಳುತ್ತಿದ್ದಾಗ ಅಮ್ಮನೇ ಹೊಸ್ತಿಲನ್ನು ತೋರಿಸಿದರು.

ನಾಲ್ಕು ಫೂಟಿನ ಜಾಲಿ ಹೊಸ್ತಿಲು. ಏಳು ಇಂಚು ಅಗಲ, ಕಲ್ಲಿನಷ್ಟು ಗಟ್ಟಿ, ನಡುವೆ ಕಾಲು ತಾಗಿ ತಾಗಿ ಸವೆದು ತಗ್ಗು ಬಿದ್ದದ್ದು. ನಾವು ಬೇಡವೆಂದೆವು. ಮನೆಯ ಮಿಕ್ಕೆಲ್ಲ ಕಟ್ಟಿಗೆ ಒಂದು ತೂಕ, ಹೊಸ್ತಿಲದು ಬೇರೆ ತೂಕ. ಅಮ್ಮ ನಿಕಾಹ್ ಆಗಿ ದಾಟಿ ಬಂದ ಹೊಸ್ತಿಲದು. ಅಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ಕಾಲಿಡಾಕ ಇದ್ದದ್ದು. ಅಲ್ಲೂ ಕಾಲಿಡಾಕ ಇರಲಿ.'

ಅದನ್ನು ಕೊಯ್ಯಬೇಕಾಗಲಿಲ್ಲ. ಇದ್ದಷ್ಟೇ ಉದ್ದ ಸರಿಹೋಯಿತು. ಮುಂದಿನ ಎರಡು ಕಾಲಿಗೆ, ನೆಲದಿಂದ ಆರು ಇಂಚು ಮೇಲೆ, ಎರಡೂ ತುದಿಗೆ ಎರಡೆರಡು ಏಳಿಂಚಿನ ಬೋಲ್ಟು. ಜಾಲಿಗೆ ತೂತು ಕೊರೆಯುವಾಗ ಡ್ರಿಲ್ಲಿನ ತುದಿ ಕೆಂಪಗೆ ಕಾದಿತು, ನಿಲ್ಲಿಸಿ ನಿಲ್ಲಿಸಿ ಕೊರೆದೆವು. ಹಿಂದುಗಡೆ ಒರಲಿ ತಿಂದ ಜಂತಿಯಿಂದ ಉಳಿದ ಒಂದು ಗಟ್ಟಿ ಸೀಳನ್ನು ಓರೆಯಾಗಿ ಬಡಿದೆವು. ಓರೆ ಪಟ್ಟಿ ಕೂಡಿದರೆ ಚೌಕ ತ್ರಿಕೋನವಾಗುತ್ತದೆ, ತ್ರಿಕೋನ ವಾಲುವುದಿಲ್ಲ. ಬೆಂಚು ನಿಂತಿತು. ಎಪ್ಪತ್ತು ಕಿಲೋಗೆ ಕಡಿಮೆ ಇರಲಿಕ್ಕಿಲ್ಲ, ಒಬ್ಬರಿಂದ ಎತ್ತಲಾಗುವುದಿಲ್ಲ.

ಕಬ್ಬಿಣದ ವೈಸ್ ಕೊಳ್ಳಲಿಲ್ಲ. ಬೆಂಚಿನ ತುದಿಗೆ ಒಂದು ಗಟ್ಟಿ ತುಂಡು ತಡೆಯಾಗಿ ನಿಲ್ಲಿಸಿದೆವು, ಇನ್ನೊಂದು ಕಡೆಯಿಂದ ಎರಡು ಬೆಣೆ ಎದುರುಬದಿರು ಬಡಿದರೆ ಕಟ್ಟಿಗೆ ಅಲುಗುವುದಿಲ್ಲ. ಮೇಲ್ಮೈಗೆ ಗಾಣದ ಅಗಸಿ ಎಣ್ಣೆ ಸವರಿದೆವು. ರೊಟ್ಟಿಯ ಜೊತೆ ಚಟ್ನಿಯಾಗುವ ಅಗಸಿಯೇ ಇದು. ಅದರ ಎಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗಿ ಕಟ್ಟಿಗೆಯನ್ನು ಕಾಯುತ್ತದೆ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಬೇಕು.

ಈ ಕೆಲಸ ನಡೆದಾಗ ಒಂದು ಭಾನುವಾರ ಅಮೀನಗಡ ದಾಟಿ ಐಹೊಳೆಗೆ ಹೋಗಿದ್ದೆವು. ನಮ್ಮ ತಾಲ್ಲೂಕಿನದೇ ಊರು, ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಈ ಸಲ ಲಾಡಖಾನ್ ಗುಡಿಯ ಮುಂದೆ ನಿಂತು ಮೊದಲ ಬಾರಿಗೆ ಅದರ ಮಾಳಿಗೆ ನೋಡಿದೆವು. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿ, ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ. ಕಟ್ಟಿಗೆಯ ತೊಲೆ ಇಟ್ಟು ಮನೆ ಕಟ್ಟುವವರ ಬುದ್ಧಿಯೇ ಅಲ್ಲಿ ಕಲ್ಲಿನಲ್ಲಿ ಕೆಲಸ ಮಾಡಿದೆ. ಒಂದು ಕಾಲದಲ್ಲಿ ಅಲ್ಲಿ ವಾಸವಾಗಿದ್ದ ಲಾಡಖಾನ್ ಎಂಬ ಮುಸಲ್ಮಾನನ ಹೆಸರೇ ಆ ಗುಡಿಗೆ ಉಳಿದಿದೆ. ಗುಡಿಗೆ ಅವನ ಹೆಸರು ಇದೆಯೆಂದು ಯಾರಿಗೂ ಮುಜುಗರವಾದಂತಿಲ್ಲ. ಆಸ್ತಿ, ಪಾಲು, ಗೋಡೆ ಎಂದು ತಲೆಕೆಡಿಸಿಕೊಂಡಿದ್ದ ನಮಗೆ ಅದೊಂದು ವಿಚಿತ್ರ ಸಮಾಧಾನ ಕೊಟ್ಟಿತು.

ನಮ್ಮದೇ ತಾಲ್ಲೂಕಿನ ಕೂಡಲಸಂಗಮದಿಂದ ಹೊರಟು ಕಲ್ಯಾಣದಲ್ಲಿ ಬಸವಣ್ಣನವರು ಕಟ್ಟಿದ ಶರಣರ ಬಳಗದಲ್ಲಿ ಬಾಚಿಕಾಯಕದ ಬಸವಯ್ಯ ಎಂಬ ಒಬ್ಬ ಬಡಿಗನಿದ್ದ. ಅವನ ಹೆಂಡತಿ ಕಾಳವ್ವೆ ವಚನಕಾರ್ತಿ. ಪ್ರವಾದಿ ಝಕರಿಯ್ಯಾ ಅವರು ಬಡಗಿಯಾಗಿದ್ದರೆಂದು ಹದೀಸಿನಲ್ಲಿ ಬರುತ್ತದೆ. ಇವೆರಡನ್ನೂ ನಾವು ಮೊದಲೇ ಕೇಳಿದ್ದೆವು. ಭಾಷಣದಲ್ಲಿ ಹೇಳಿಯೂ ಇದ್ದೆವು. ಆದರೆ ಬಡಿಗೇರ ಕಾಕಾನನ್ನು ಕೂರಲು ಕುರ್ಚಿ ಕೊಟ್ಟು ಮಾತಾಡಿಸಿದ್ದು ಈ ಬೆಂಚಿನ ದೆಸೆಯಿಂದ. ಒಂದು ಕಾಲಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದ ಮನೆತನ ಅವರದು. ವರ್ಷವಿಡೀ ರೈತರ ರೆಂಟೆ, ಕೂರಿಗೆ ನೋಡಿಕೊಂಡದ್ದಕ್ಕೆ ಅದೇ ಸಂಬಳ. ಟ್ರಾಕ್ಟರು ಬಂತು, ಕಬ್ಬಿಣದ ಕೂರಿಗೆ ಬಂತು, ಆಯ ನಿಂತಿತು. ಈಗ ಸಿದ್ಧ ಬಾಗಿಲುಗಳು ಲಾರಿಯಲ್ಲಿ ಬರುತ್ತವೆ. 'ನೀವು ಬೆಂಚು ನೀವೇ ಮಾಡಕೊಂಡ್ರ ನನಗ ಏನು ಕೆಲಸ?' ಎಂದು ಒಮ್ಮೆ ಕೇಳಿದರು. ನಗುತ್ತಲೇ ಕೇಳಿದರು, ಆದರೂ ನಮಗೆ ಉತ್ತರ ಹೊಳೆಯಲಿಲ್ಲ. ಅವರು ನಮಗೆ ಕಳೆದ ಸಂಜೆಗಳಿಗೆ ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಕ್ರೀದ್ ಮುಗಿದ ಮೇಲೆ ಒಂದು ಚೀಲ ಜೋಳ ಮನೆಗೆ ಕಳಿಸಿದೆವು. ಅದನ್ನು ಇಟ್ಟುಕೊಂಡರು. ಆಯ ಎಂದರೆ ಅವರಿಗೆ ಗೊತ್ತಿತ್ತು.

ಬೆಂಚಿನ ಮೇಲೆ ಈವರೆಗೆ ಆದ ಕೆಲಸ ಹೆಚ್ಚೇನಲ್ಲ. ಅಮ್ಮನ ಮಂಚದ ಉಳಿದ ಮೂರು ಕಾಲು ಬಿಗಿ ಮಾಡಿದೆವು. ಮಕ್ಕಳಿಗೆ ಒಂದು ಪುಸ್ತಕದ ಕಪಾಟು, ತುಸು ವಾಲಿದ್ದು. ಎರಡೂ ಮನೆಯ ಮಕ್ಕಳು ಗೋಡೆಯ ಬಿರುಕಿನಿಂದ, ಅಂದರೆ ಮೊದಲು ರಾಶಿ ಇದ್ದ ಜಾಗದಿಂದ, ಓಡಾಡುತ್ತಾರೆ. ರಾಶಿ ಖಾಲಿಯಾದ ಮೇಲೆ ಅಲ್ಲಿ ಆರು ಫೂಟು ಬಯಲಾಗಿದೆ. ಅದನ್ನು ಮುಚ್ಚಬೇಕು ಎಂದು ಯಾರೂ ಎತ್ತಲಿಲ್ಲ.

ಹೋದ ತಿಂಗಳು ಅಮ್ಮ ನಮ್ಮಿಬ್ಬರನ್ನೂ ಕರೆದು ಬಾಗಿಲ ಚೌಕಟ್ಟಿನ ಮಾತು ತೆಗೆದರು. ಅದನ್ನು ಯಾಕೆ ಕೊಯ್ಯಲು ಬಿಡಲಿಲ್ಲ ಎಂದು ಆಗ ತಿಳಿಯಿತು. ಆ ಬಯಲಿನಲ್ಲಿ ಅದನ್ನು ನಿಲ್ಲಿಸಬೇಕಂತೆ. ಹದಿನೈದು ದಿನಕ್ಕೊಮ್ಮೆ ಬೀದಿಗೆ ಇಳಿದು, ಹಾಸಿಗೆ ಸುತ್ತಿಕೊಂಡು, ಜನ ನೋಡುವಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಇನ್ನು ತನ್ನಿಂದಾಗದು ಎಂದರು. ಮೂರು ವರ್ಷ ಅಮ್ಮ ಹಾಗೆ ಓಡಾಡಿದ್ದನ್ನು ನಾವು ವ್ಯವಸ್ಥೆ ಎಂದುಕೊಂಡಿದ್ದೆವು. ಅಮ್ಮನಿಗೆ ಅದು ಏನಾಗಿತ್ತು ಎಂದು ಕೇಳಿರಲಿಲ್ಲ.

ಚೌಕಟ್ಟು ಈಗ ಬೆಂಚಿನ ಮೇಲಿದೆ. ಅದರ ಒಂದು ಮೂಲೆಯ ನಾಲಿಗೆ ಕೊಳೆತಿದೆ, ಹೊಸದನ್ನು ಕೂಡಿಸುತ್ತಿದ್ದೇವೆ. ಕಾಕಾ ಸಂಜೆ ಬಂದು ನೋಡಿ ಹೋಗುತ್ತಾರೆ. ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲ. ಹೊಸ್ತಿಲು ಬೆಂಚಿಗೆ ಹೋಯಿತಲ್ಲ, ಬಾಗಿಲಿಗೆ ಬೇರೆಯದು ಮಾಡೋಣವೇ ಎಂದು ಕೇಳಿದೆವು.

'ಹೊಸ್ತಿಲು ಬ್ಯಾಡ,' ಎಂದರು ಅಮ್ಮ. 'ಎಡವತೀನಿ.'